ತೆಂಗಿನೊಳಗಿನ ಕಟಕಟ

ಚನ್ನರಾಯಪಟ್ಟಣದಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವ ಶಾಂತಕುಮಾರಿ ನಕ್ಕರೆ ಪಕ್ಕದ ಬೇಕರಿಯವನೂ ಕಾರಣ ಗೊತ್ತಿಲ್ಲದೆ ನಗುತ್ತಾನೆ. ಅಂಥವಳ ಮುಖ ಕೂಡ ಅಂದು ಸಪ್ಪಗಾಗಿತ್ತು. ಅತ್ತೆ ಕಾಮಾಕ್ಷಮ್ಮನ ತೋಟದಲ್ಲಿ ಕಾಯಿ ತುಂಬಿದ್ದ ತೆಂಗಿನ ಮರವೊಂದರ ಸುಳಿ ಮುರಿದು ಬಿದ್ದಿತ್ತು. ಹೊರಗಿನಿಂದ ಮರ ಗಟ್ಟಿಮುಟ್ಟು. ಒಳಗೆ ಕೆಂಪು ಮೂತಿ ಹುಳು ತಿರುಳನ್ನೆಲ್ಲ ತಿಂದು ಮುಗಿಸಿತ್ತು.

"ತಿನ್ನೋವಾಗ ಸದ್ದು ಮಾಡ್ದೆ ಇರ್ತಾವಾ ಅತ್ತೆ? ಅದು ಕೇಳಂಗಾದ್ರೆ ಮೊದ್ಲೇ ಔಷ್ದಿ ಉಯ್ಯಬೋದು."

"ಉಳ ಉಣ್ಣೋ ಸದ್ದು ಕೇಳ್ತಾಳಂತೆ! ನಿಮ್ಮಾವ ಗೊರ್ಕೆ ವಡಿಯೋ ಮನೇಲಿ!"

ಶಾಂತಕುಮಾರಿ ಬಿಡಲಿಲ್ಲ. ಅಲಾರಂ ಗಡಿಯಾರದಿಂದ ಕಿತ್ತ ತೆಳು ಬಿಲ್ಲೆಯೊಂದನ್ನು ಮರಕ್ಕೆ ಒತ್ತಿ ಕಟ್ಟಿದಳು. ಮರದ ಅದುರಾಟವನ್ನು ಅದು ಕರೆಂಟಿನ ಸಿಗ್ನಲ್ ಮಾಡಿ ಕೊಡುತ್ತದೆ. ಆ ಬಡಕಲು ಸಿಗ್ನಲನ್ನು ಸಾವಿರ ಪಟ್ಟು ಹಿಗ್ಗಿಸಲು ಆಂಪ್ಲಿಫೈಯರ್. ಹೆಡ್‌ಫೋನ್ ಹಾಕಿಕೊಂಡರೆ, ಗುಂಯ್! ಪಂಪ್‌ಸೆಟ್ಟಿಗೆ ಬರುವ ಕರೆಂಟಿನ ಗುಂಯ್‌ಗುಟ್ಟುವ ಸದ್ದೂ ಸಾವಿರ ಪಟ್ಟಾಗಿತ್ತು.

"ಜೊಳ್ಳು ಕೇರ್ದೆ ಬೀಸ್ಬುಟ್ಟೆ ಕಣತ್ತೆ!" ಎಂದು ಹಣೆ ಚಚ್ಚಿಕೊಂಡಳು.

ಕರೆಂಟಿನದು ದಪ್ಪ ದನಿ, ಹುಳುವಿನದು ಚುರುಕು ದನಿ. ಕೆಪಾಸಿಟರ್, ರೆಸಿಸ್ಟರ್ ಜೋಡಿಸಿ ದಪ್ಪದ್ದನ್ನು ತಡೆಯುವ ಫಿಲ್ಟರ್ ಕಟ್ಟಿದಳು. ಕೊನೆಗೊಂದು ಆರ್ಡುಯಿನೊ ಬೋರ್ಡು, ಹೇಳಿಕೊಟ್ಟಂತೆ ಕೇಳುವ ಅಂಗೈಯಗಲದ ಕಂಪ್ಯೂಟರ್: ಚುರುಕು ದನಿ ಮತ್ತೆ ಮತ್ತೆ ಬಂದರೆ ಕೆಂಪು ದೀಪ ಹತ್ತಬೇಕು.

ಬಾವಿ ಪಕ್ಕದ ಮರಕ್ಕೆ ಬಿಲ್ಲೆ ಕಟ್ಟಿ ಹೆಡ್‌ಫೋನ್ ಕಿವಿಗೇರಿಸಿದಳು. ಕಟ್... ಕಟಕಟ... ಕಟ್. ಯಾರೋ ಹಪ್ಪಳ ಮುರಿದ ಹಾಗೆ! ದೀಪ ಪಕ್ಕನೆ ಹತ್ತಿತು. ಕಿರುಚಿಕೊಂಡು ಅತ್ತೆಯ ಕಿವಿಗೆ ಹೆಡ್‌ಫೋನ್ ಹಾಕಿದಳು.

"ಅಯ್ಯೋ ಮೂದೇವಿ! ಬೀಗ್ರೂಟ ಉಣ್ಣೋ ಅಂಗೆ ಉಣ್ತಾ ಕುಂತವ್ನೆ ಕಣವ್ವ!"

ಅತ್ತೆ ಸೊಸೆ ಮರದಿಂದ ಮರಕ್ಕೆ ಓಡಿದರು. ಗದ್ದಲ ಕೇಳಿ ಮಾವ ಚಲುವಯ್ಯ ಹುರಿದ ಕಡಲೆಕಾಯಿ ಅಗಿಯುತ್ತಾ ಬಂದ. ಕಾಮಾಕ್ಷಮ್ಮ ಬಿಲ್ಲೆಯನ್ನು ಅವನ ದವಡೆಗೇ ಒತ್ತಿದಳು. ಕೆಂಪು ದೀಪ ಧಗ್ಗನೆ ಹತ್ತಿತು!

"ಇದ್ಕೂ ಔಷ್ದಿ ಉಯ್ಯಾನಾ ಶಾಂತಾ?"

ಶಾಂತಕುಮಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಪಾತಿಯಲ್ಲೇ ಕುಸಿದಳು. ಚಲುವಯ್ಯ ಬಾಯಿ ಬಿಟ್ಟುಕೊಂಡು ನಿಂತ, ದೀಪ ಆರಿತು.

ಬಾವಿ ಪಕ್ಕದ ಮರದಲ್ಲಿ ಹುಳು ಕೊರೆದಿದ್ದ ತೂತಿಗೆ ಔಷಧಿ ಹೊಯ್ದು ಜೇಡಿಮಣ್ಣು ಮೆತ್ತಿದರು. ಮುಂದಿನ ವಾರ ಬಿಲ್ಲೆ ಕಟ್ಟಿ ಕೇಳಿದರೆ ಗಾಳಿಯ ಪಿಸುಪಿಸು ಬಿಟ್ಟು ಇನ್ನೇನೂ ಇಲ್ಲ. ಆ ಮರದ ಸುಳಿ ನೆಟ್ಟಗೇ ನಿಂತಿತ್ತು. ಶಾಂತಕುಮಾರಿ ಕುಣಿಯುವಷ್ಟರಲ್ಲಿ ಕಾಮಾಕ್ಷಮ್ಮ ಹೆಡ್‌ಫೋನ್ ಹಾಕಿಕೊಂಡೇ ಪಕ್ಕದ ತೋಟಕ್ಕೆ ಹೊರಟಾಗಿತ್ತು.

"ಬೈರಯ್ಯಾ, ಗೇಟು ತೆಗೀಲಾ! ನಿನ್ ಮರ್ದಾಗೆ ಯಾರ್ ಉಣ್ತಾವ್ರೆ ನೋಡಾನ!"

"ಅತ್ತೆ, ವೈರು! ವೈರು ಗಿಡ್ಡ ಅದೆ!" ಎನ್ನುತ್ತಾ ಶಾಂತಕುಮಾರಿ ಬೋರ್ಡು ಹಿಡಿದುಕೊಂಡು ಹಿಂದೆಯೇ ಓಡಿದಳು.