ಆನ್ಸೆಲ್ಮನ ನೇರ ಮೂಗುಗಳು

ಆನ್ಸೆಲ್ಮ್ ವೊಕ್ಲೇರ್ ಬರೆದ ಮುಖಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದರೆ, ಯಾವ ಮೂಗು ಯಾರದೆಂದು ಅವರ ಹೆತ್ತ ತಾಯಂದಿರಿಗೂ ತಿಳಿಯುತ್ತಿರಲಿಲ್ಲ. ಅವನ ಆಯುಸ್ಸಿನಲ್ಲಿ ಪ್ಯಾರಿಸ್ಸಿನ ರಾಜ ಹೋದ, ಪ್ರಜೆಗಳು ಬಂದರು. ಪ್ರಜೆಗಳನ್ನು ಸರಿಸಿ ದಂಡನಾಯಕ ಬಂದ, ಅವನೇ ಚಕ್ರವರ್ತಿಯಾದ. ಚಕ್ರವರ್ತಿಯನ್ನು ದ್ವೀಪಕ್ಕೆ ಸಾಗಹಾಕಿ ಸತ್ತ ರಾಜನ ದಪ್ಪ ತಮ್ಮನನ್ನು ಕರೆತಂದರು. ನಾಣ್ಯದ ಮೇಲಿನ ಮೂಗು ಪ್ರತಿಸಲವೂ ಬದಲಾಯಿತು. ಆನ್ಸೆಲ್ಮನ ಮೂಗು ಮಾತ್ರ ಬದಲಾಗಲಿಲ್ಲ. ಹಣೆಯಿಂದ ಹೊರಟ ಗೆರೆ ನಡುವೆ ಎಲ್ಲಿಯೂ ತಗ್ಗದೆ, ಉಬ್ಬದೆ ತುದಿಗೆ ಬಂದು ನಿಲ್ಲಬೇಕು. ಗ್ರೀಕರು ಹಾಗೆ ಕೆತ್ತಿದ್ದರು, ರೋಮನ್ನರು ಅದನ್ನೇ ಕದ್ದಿದ್ದರು, ಅವನ ಗುರುಗಳು ಅದನ್ನೇ ಗದರಿಸಿ ಗದರಿಸಿ ಕಲಿಸಿದ್ದರು. ಪ್ರಕೃತಿ ತಪ್ಪು ಮಾಡುತ್ತದೆ, ತಿದ್ದುವುದಕ್ಕೇ ನಾವಿರುವುದು ಎಂಬುದು ಆ ಗರಡಿಯ ಮಂತ್ರ. ಲೋಕವನ್ನು ತಮ್ಮ ಮೂಗಿನ ನೇರಕ್ಕೆ ನೋಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಆನ್ಸೆಲ್ಮ್ ಪಾಪ, ಅಷ್ಟು ಅಹಂಕಾರಿಯಲ್ಲ; ಅವನು ಲೋಕವನ್ನು ಕಲ್ಲಿನ ಮೂಗಿನ ನೇರಕ್ಕೆ ನೋಡುತ್ತಿದ್ದ.

ಹಾರ್ಪ್ ಬೀದಿಯ ಮಾಳಿಗೆಯ ಕೋಣೆಯಲ್ಲಿ ಅವನ ಜೊತೆಗಿದ್ದದ್ದು ರೋಮನ್ ತರುಣನೊಬ್ಬನ ಗಾರೆಯ ತಲೆ. ಯಾರ ಚಿತ್ರ ಬರೆಯುವುದಿದ್ದರೂ ಎದುರಿಗೆ ಕುಳಿತವರನ್ನು ಒಮ್ಮೆ, ಗಾರೆಯ ತಲೆಯನ್ನು ಎರಡು ಸಲ ನೋಡುವುದು ರೂಢಿ. ಉಳಿದ ಹೊತ್ತಿನಲ್ಲಿ ಅದರ ಮೇಲೆ ತನ್ನ ಟೊಪ್ಪಿ ಇಡುತ್ತಿದ್ದ. ಅನ್ನಕ್ಕೆ ಅಂಗಡಿಗಳ ಫಲಕ, ನಶ್ಯದ ಡಬ್ಬಿಯ ಮುಚ್ಚಳ ಬರೆಯುತ್ತಿದ್ದ. ಮಾಂಸದಂಗಡಿಯೊಂದಕ್ಕೆ ಅವನು ಬರೆದುಕೊಟ್ಟ ಹಂದಿಗೆ ಕೂಡ ಸಾಕ್ಷಾತ್ ಅಪೊಲೊ ದೇವರ ಮೂಗು ಬಂದು, ಅದನ್ನು ಕೊಯ್ಯಲು ಕಟುಕನಿಗೇ ಸಂಕೋಚವಾಗುತ್ತದೆಂದು ಬೀದಿಯವರು ನಗುತ್ತಿದ್ದರು.

ಹಾಗೆ ನಗುವವರಲ್ಲಿ ಮೊದಲಿಗ ಫಿರ್ಮಿನ್. ಕೆಳಗೆ ಖಾನಾವಳಿ ನಡೆಸುತ್ತಿದ್ದ. ಚಿಕ್ಕಂದಿನಲ್ಲಿ ಬ್ರೆಡ್ಡಿನ ಒಲೆಯ ಕಬ್ಬಿಣದ ಬಾಗಿಲು ಬಡಿದು ಅವನ ಮೂಗು ಎಡಕ್ಕೆ ವಾಲಿ, ನಡುವೆ ಕುಸಿದು, ತುದಿಯಲ್ಲಿ ಮತ್ತೆ ಎದ್ದು ನಿಂತಿತ್ತು. ಸಾರಿನ ಹದವನ್ನು ಆ ಮೂಗಿನಿಂದಲೇ ನೋಡುತ್ತೇನೆ, ವಾಸನೆ ತಿರುವಿನಲ್ಲಿ ಸ್ವಲ್ಪ ನಿಂತು ಹೋಗುವುದರಿಂದ ಗೊತ್ತಾಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದ. ಆನ್ಸೆಲ್ಮ್ ಮೆಟ್ಟಿಲಿಳಿದು ಬಂದಾಗಲೆಲ್ಲ ಕೇಳದೆಯೇ ಒಂದು ಬೋಗುಣಿ ಈರುಳ್ಳಿ ಸಾರು, ಅದರಲ್ಲಿ ಮುಳುಗಿದ ಬ್ರೆಡ್ಡಿನ ತುಂಡು ಮುಂದೆ ಬರುತ್ತಿತ್ತು. ಬಡಿಸುವವಳು ಫಿರ್ಮಿನ್‌ನ ಹೆಂಡತಿ ಅಗಾತ್. ರಾಜ ಹೋದ ಆ ಕಾಲದಲ್ಲಿ ಎಲ್ಲರೂ ಎಲ್ಲರಿಗೂ ನಾಗರಿಕರು, ಎಲ್ಲರೂ ಎಲ್ಲರನ್ನೂ ‘ನೀನು’ ಎನ್ನಬೇಕೆಂದು ಹೊಸ ಕಟ್ಟಳೆ. ಅವಳು ಮಾತ್ರ ಆ ಕಟ್ಟಳೆ ಬರುವ ಮೊದಲೇ ಅವನನ್ನು ‘ಏನೋ’ ಎನ್ನುತ್ತಿದ್ದಳು.

ಗಣರಾಜ್ಯದ ಎರಡನೆಯ ವರ್ಷ ಪೇಟೆಯ ಸಮಿತಿಗೆ ತಮ್ಮ ಸಭಾಂಗಣದಲ್ಲಿ ದೊಡ್ಡದೊಂದು ಚಿತ್ರ ಬೇಕೆನಿಸಿತು. ರಾಜನನ್ನು ಅಟ್ಟಿದ ರೋಮನ್ನರು ಕೈಯೆತ್ತಿ ಪ್ರಮಾಣ ಮಾಡುವುದು, ರೋಮನ್ನರ ಮುಖ ಮಾತ್ರ ಸಮಿತಿಯವರದು. ಸಮಿತಿಯಲ್ಲೂ ನಗರಸಭೆಯಲ್ಲೂ ಇದ್ದ ಫಿರ್ಮಿನ್ ಈ ಕೆಲಸವನ್ನು ಗೆಳೆಯನಿಗೇ ಕೊಡಿಸಿದ. ಆನ್ಸೆಲ್ಮನ ಬಾಳಿನಲ್ಲಿ ಗೋಡೆಯಗಲದ ಕ್ಯಾನ್ವಾಸ್ ಅದೊಂದೇ.

ಮನುಷ್ಯರನ್ನು ಮೊದಲು ಬರಿಮೈಯಲ್ಲಿ ಬರೆದು ಆಮೇಲೆ ಬಟ್ಟೆ ತೊಡಿಸುವುದು ಆ ಗರಡಿಯ ಕ್ರಮ. ಇದನ್ನು ಕೇಳಿ ಸಮಿತಿಯ ಅರ್ಧ ಜನ ದೇಶಪ್ರೇಮಕ್ಕೂ ಒಂದು ಮಿತಿಯಿದೆಯೆಂದು ಎದ್ದುಹೋದರು. ಫಿರ್ಮಿನ್ ಒಬ್ಬನೇ ಒಲೆಯ ಪಕ್ಕದಲ್ಲಿ ಎಲ್ಲ ರೋಮನ್ನರ ಪರವಾಗಿಯೂ ಕೈಯೆತ್ತಿ ನಿಂತ. ಹೊಟ್ಟೆ ಹೋಗಿ ಹಲಗೆಯಾಯಿತು, ಗೂನು ಹೋಗಿ ಬೆನ್ನು ನೆಟ್ಟಗಾಯಿತು. ಎಲ್ಲಕ್ಕೂ ಗಾರೆಯ ಮಾದರಿ ಇತ್ತು. ಪಾದಗಳಿಗೆ ಮಾತ್ರ ಇರಲಿಲ್ಲ. ಗಾರೆಯ ಪಾದ ಕೋಣೆ ಬದಲಿಸುವಾಗ ಮೆಟ್ಟಿಲ ಮೇಲೆ ಬಿದ್ದು ಒಡೆದಿತ್ತು. ವಿಧಿಯಿಲ್ಲದೆ ಆನ್ಸೆಲ್ಮ್ ಫಿರ್ಮಿನ್‌ನ ಪಾದವನ್ನು ಇದ್ದ ಹಾಗೇ ಬರೆದು, ಮೇಲೊಂದು ಚಪ್ಪಲಿಯ ಬಾರು ಎಳೆದು, ಆ ಜಾಗ ಕೆಟ್ಟಿತೆಂದು ಬೇಸರಪಟ್ಟುಕೊಂಡ.

ಕೊನೆಗೆ ಮುಖ. ಚಿತ್ರ ನೋಡಲು ಹತ್ತಿಬಂದ ಫಿರ್ಮಿನ್ ಬಹಳ ಹೊತ್ತು ಎದುರಿಗೆ ನಿಂತು, ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ.

“ನನ್ನ ಮೂಗು ಎಲ್ಲಿಟ್ಟೆ ಮಾರಾಯ?”

ಪುರಾತನರ ಸಾಲಿನಲ್ಲಿ ನಿಲ್ಲುವವನಿಗೆ ಪುರಾತನ ಮೂಗೇ ಇರಬೇಕು, ಇದು ನಿನಗೆ ಸಲ್ಲಿಸಿದ ಗೌರವ ಎಂದು ಆನ್ಸೆಲ್ಮ್ ವಿವರಿಸಿದ. ಫಿರ್ಮಿನ್ ನಕ್ಕುಬಿಟ್ಟ. ಅಗಾತ್ ನಗಲಿಲ್ಲ. ಆಗ ಅವಳಿಗೆ ನಾಲ್ಕು ತಿಂಗಳು. ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ, ನನ್ನ ಗಂಡನನ್ನು ವಾಪಸು ಕೊಡು ಎಂದು ಹೇಳಿ ಇಳಿದುಹೋದಳು. ಸಾರು ಎಂದಿನಂತೆ ಬಂತು, ಸ್ವಲ್ಪ ಉಪ್ಪು ಹೆಚ್ಚಾಗಿ.

ಆ ಬೇಸಿಗೆಯಲ್ಲಿ ಸರ್ಕಾರ ಒಂದೇ ದಿನದಲ್ಲಿ ಮಗುಚಿಕೊಂಡಿತು. ಸೋತ ಕಡೆಯವರೊಂದಿಗೆ ನಗರಸಭೆಯಲ್ಲಿ ಕುಳಿತಿದ್ದವರನ್ನೆಲ್ಲ ಕಾನೂನಿನಿಂದ ಹೊರಗಿಟ್ಟರು. ಅಂಥವರಿಗೆ ವಿಚಾರಣೆಯಿಲ್ಲ, ಇವನೇ ಅವನು ಎಂದು ಯಾರಾದರೂ ಗುರುತಿಸಿದರೆ ಮುಗಿಯಿತು. ಫಿರ್ಮಿನ್‌ನನ್ನು ಗುರುತಿಸುವುದಕ್ಕೆ ಯಾರೂ ಕಷ್ಟಪಡಲಿಲ್ಲ. ಆ ಮೂಗು ಇಡೀ ಪ್ಯಾರಿಸ್ಸಿನಲ್ಲಿ ಒಂದೇ. ಆನ್ಸೆಲ್ಮ್ ಕೊಟ್ಟ ಮೂಗಿದ್ದಿದ್ದರೆ ಆ ಗದ್ದಲದಲ್ಲಿ ಯಾರೋ ರೋಮನ್ನನೆಂದು ಬಿಟ್ಟುಬಿಡುತ್ತಿದ್ದರೇನೋ.

ಫಿರ್ಮಿನ್‌ನನ್ನು ಹೊತ್ತ ಗಾಡಿ ತಲೆ ಕಡಿಯುವ ಚೌಕಕ್ಕೆ ಹೊರಟ ಮಧ್ಯಾಹ್ನ ಆನ್ಸೆಲ್ಮ್ ಬೀದಿಗಿಳಿಯಲಿಲ್ಲ. ಬಾಗಿಲು ಹಾಕಿಕೊಂಡು ಕ್ಯಾನ್ವಾಸಿನ ನಡುವೆ ಇದ್ದ ಫಿರ್ಮಿನ್‌ನ ತಲೆಯ ಮುಂದೆ ನಿಂತ. ಸೈನಿಕರು ಯಾವಾಗ ಬೇಕಾದರೂ ಬರಬಹುದು, ಆ ತಲೆ ಅಲ್ಲಿದ್ದರೆ ತನ್ನ ತಲೆಗೇ ಕುತ್ತು. ಕೆರೆದುಹಾಕಲು ಚಾಕು ಎತ್ತಿದ, ಕೈ ಬರಲಿಲ್ಲ. ಮುಖದ ಮೇಲೆ ದಪ್ಪಗೆ ವಾರ್ನಿಷ್ ಸವರಿ, ಅದು ಒಣಗುವಷ್ಟು ಹೊತ್ತು ಕುಳಿತು, ಅದರ ಮೇಲೆ ಬಿಳಿ ಗಡ್ಡದ ಮುದುಕನೊಬ್ಬನನ್ನು ಬರೆದ. ಮುಂದೆಂದಾದರೂ ಮೇಲಿನ ಬಣ್ಣವನ್ನು ಒರೆಸಿದರೆ ವಾರ್ನಿಷ್‌ನ ಕೆಳಗೆ ಗೆಳೆಯ ಕ್ಷೇಮವಾಗಿರುತ್ತಾನೆ ಎಂಬುದು ಅವನ ಲೆಕ್ಕ.

ಮರುದಿನ ಅಗಾತ್ ಮೆಟ್ಟಿಲು ಹತ್ತಿಬಂದಳು. ದೇಹವನ್ನು ಯಾರಿಗೂ ಕೊಟ್ಟಿರಲಿಲ್ಲ. ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿ ಸುಣ್ಣ ಸುರಿದಿದ್ದರು. ಮೂಗು ಹೇಗಾದರೂ ಇರಲಿ, ಕಣ್ಣಾದರೂ ಅವನದಲ್ಲವೇ ಎಂದುಕೊಂಡು ಬಂದಿದ್ದಳು. ಗಡ್ಡದ ಮುದುಕನನ್ನು ನೋಡಿದಳು.

“ಅವ್ರು ಒಂದ್ಸಲ ತಲೆ ತೆಗೆದ್ರು. ನೀನ್ಯಾಕಪ್ಪಾ ಇನ್ನೊಂದ್ಸಲ ತೆಗ್ದೆ?”

ಕೆಳಗೆ ಇದ್ದಾನೆ, ಭದ್ರವಾಗಿದ್ದಾನೆ ಎಂದು ಅವನು ತೊದಲುವಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಅಂದಿನಿಂದ ಸಾರು ನಿಂತಿತು. ಕೆಲವೇ ದಿನಗಳಲ್ಲಿ ಖಾನಾವಳಿಯನ್ನು ಬೇರೆಯವರಿಗೆ ಬಿಟ್ಟು ಅವಳು ನದಿಯಾಚೆಯ ತಂಗಿಯ ಮನೆಗೆ ಹೊರಟುಹೋದಳು.

ಮುಂದಿನ ಕಥೆ ಕ್ಯಾನ್ವಾಸಿನ ಕಥೆಯೇ. ಆ ಚಿತ್ರ ಯಾರಿಗೂ ಬೇಡವಾಯಿತು, ಆದರೆ ಅಷ್ಟು ಒಳ್ಳೆಯ ಬಟ್ಟೆಯನ್ನು ಎಸೆಯುವುದು ಹೇಗೆ? ದಂಡನಾಯಕ ಬಂದಾಗ ನಡುವಿನ ಮುದುಕ ಸೇನಾಪತಿಯಾದ. ಚಕ್ರವರ್ತಿ ಬಂದಾಗ ಸೇನಾಪತಿ ಸೀಸರನಾಗಿ ತಲೆಗೆ ಎಲೆಗಳ ಕಿರೀಟ ಇಟ್ಟುಕೊಂಡ. ರಾಜ ಮರಳಿ ಬಂದಾಗ ಸೀಸರನೇ ಸಂತನಾಗಿ, ಕಿರೀಟದ ಜಾಗದಲ್ಲಿ ಪ್ರಭಾವಳಿ ಬಂತು. ಹಿಂದಿದ್ದವನ ಕೈಯ ಕೋಲಿನ ತುದಿಯಲ್ಲಿ ಮೊದಲು ಕೆಂಪು ಟೊಪ್ಪಿಗೆ, ಆಮೇಲೆ ಹದ್ದು, ಆಮೇಲೆ ಶಿಲುಬೆ. ಎತ್ತಿದ ಕೈಗಳನ್ನು ಯಾರೂ ಇಳಿಸಬೇಕಾಗಲಿಲ್ಲ. ಯಾವ ಸರ್ಕಾರಕ್ಕಾದರೂ ಎತ್ತಿದ ಕೈ ಬೇಕೇ ಬೇಕು. ಪಾದಗಳನ್ನಂತೂ ಯಾರೂ ನೋಡಲೇ ಇಲ್ಲ. ಅವನು ತಿದ್ದಿ ಮುಗಿಸುವುದಕ್ಕೂ ಸರ್ಕಾರ ಬೀಳುವುದಕ್ಕೂ ಸರಿಹೋಗುತ್ತಿತ್ತು. ಆನ್ಸೆಲ್ಮನ ಚಿತ್ರ ಮುಗೀತಾ ಬಂತಂತೆ, ಮಂತ್ರಿಗಳು ಗಂಟು ಕಟ್ಟಿಕೊಳ್ಳಲಿ ಎಂದು ಬೀದಿಯವರು ಆಡಿಕೊಂಡರು. ಅವನೂ ನಕ್ಕ. ಊರೇ ಬಣ್ಣ ಬದಲಿಸುತ್ತಿರುವಾಗ ಬಣ್ಣವೇ ಕಸುಬಾದವನನ್ನು ಯಾರು ದೂರುತ್ತಾರೆ? ಒಂದು ಸಂಗತಿ ಮಾತ್ರ ಅವನನ್ನು ಎಲ್ಲ ನಾಚಿಕೆಯಿಂದಲೂ ಕಾಪಾಡುತ್ತಿತ್ತು. ಎಲ್ಲದರ ಅಡಿಯಲ್ಲಿ ಫಿರ್ಮಿನ್ ಇದ್ದಾನೆ. ತಾನು ಅವನನ್ನು ಅಳಿಸಿಲ್ಲ, ಅಡಗಿಸಿದ್ದೇನೆ.

ರಾಜ ಬಂದು ಎರಡು ವರ್ಷವಾದ ವಸಂತದಲ್ಲಿ, ಹತ್ತಿರದ ಚರ್ಚೊಂದರ ಪಾದ್ರಿಗಳು ಆ ಸಂತನನ್ನು ತಮ್ಮ ಪಕ್ಕದ ಗೋಡೆಗೆ ಒಪ್ಪಿದರು. ಸೋಮವಾರ ಆಳು ಕಳಿಸಿ ಹೊರಿಸಿಕೊಂಡು ಹೋಗುವುದೆಂದಾಯಿತು. ಕೊನೆಗೂ ಚಿತ್ರಕ್ಕೊಂದು ಗೋಡೆ. ಶುಕ್ರವಾರ ಬಾಗಿಲು ತಟ್ಟಿದ ಸದ್ದಾಯಿತು. ಅಗಾತ್ ನಿಂತಿದ್ದಳು, ಬೆನ್ನು ಬಾಗಿತ್ತು. ಪಕ್ಕದಲ್ಲಿ ಎತ್ತರದ ಹುಡುಗಿ. ಗಣರಾಜ್ಯದ ಹುರುಪಿನಲ್ಲಿ ಹೊಟ್ಟೆಯೊಳಗಿದ್ದಾಗಲೇ ಅಪ್ಪ ಅವಳಿಗೆ ಕೊರ್ನೆಲಿ ಎಂಬ ರೋಮನ್ ಹೆಸರಿಟ್ಟು ಹೋಗಿದ್ದ. ರಾಜ ಮರಳಿದ ಈಗಿನ ಕಾಲಕ್ಕೆ ಹೊರಗೆಲ್ಲ ಅವಳಿಗೆ ಮರೀ ಎಂಬ ಕ್ರೈಸ್ತ ಹೆಸರು.

“ಮುಸ್ಯೂ ವೊಕ್ಲೇರ್, ನಿಮ್ಗೆ ತೊಂದ್ರೆ ಕೊಡ್ತಿದೀವಿ,” ಎಂದಳು ಅಗಾತ್.

ಆ ‘ಮುಸ್ಯೂ’, ಆ ‘ನೀವು’ ಆನ್ಸೆಲ್ಮನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಕೊರ್ನೆಲಿಗೆ ಬಡಗಿ ಕೆಲಸದವನೊಬ್ಬನ ಜೊತೆ ಮದುವೆ ಗೊತ್ತಾಗಿತ್ತು. ಗಂಡಿನ ಮನೆಯ ಗೋಡೆಯಲ್ಲಿ ಅಜ್ಜ, ಮುತ್ತಜ್ಜ ಎಲ್ಲರೂ ಇದ್ದಾರೆ. ನಿನ್ನಪ್ಪ ಹೇಗಿದ್ದ ಎಂದು ಅವರು ಕೇಳಿದರೆ ಹುಡುಗಿ ಏನು ಹೇಳಬೇಕು? ಅಮ್ಮನನ್ನು ಕೇಳಿದರೆ ಸೊಟ್ಟ ಮೂಗು ಕಣೇ ಎಂದು ನಗುತ್ತಾಳೆ, ಆಮೇಲೆ ಎದ್ದು ಒಳಗೆ ಹೋಗುತ್ತಾಳೆ. ಅವನು ಕೆಳಗಿದ್ದಾನೆ ಎಂದು ಅವತ್ತು ಹೇಳಿದ್ದಿರಲ್ಲ, ನಿಜವೇ ಎಂದು ಅಗಾತ್ ಕೇಳಿದಳು.

ಆನ್ಸೆಲ್ಮ್ ಒಂದು ಗಳಿಗೆ ಸೋಮವಾರವನ್ನು ನೆನೆದ. ಆಮೇಲೆ ಮದ್ಯಸಾರದ ಸೀಸೆ, ಹಳೆಯ ಹತ್ತಿಬಟ್ಟೆ ತೆಗೆದ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಒಂದೇ ಒಳ್ಳೆಯ ಕೆಲಸವನ್ನು ಅವಳೆದುರು ಬಿಚ್ಚುವ ಆಸೆ ಯಾವ ಗೋಡೆಗಿಂತಲೂ ದೊಡ್ಡದಾಗಿತ್ತು.

ಪ್ರಭಾವಳಿ ಕರಗಿತು. ಸಂತನ ಅಡಿಯಿಂದ ಸೀಸರ್ ಎದ್ದ, ಸೀಸರನ ಅಡಿಯಿಂದ ಸೇನಾಪತಿ. ಬಟ್ಟೆಗಳು ಒಂದೊಂದು ಸರ್ಕಾರದ ಬಣ್ಣವಾಗಿ ನೆಲಕ್ಕೆ ಬಿದ್ದವು. ಬಿಳಿ ಗಡ್ಡ ಹೋಯಿತು. ವಾರ್ನಿಷ್ ಅಂಟಂಟಾಗಿ ಎದ್ದುಬಂತು. ಮೊದಲು ಗುಂಗುರು ಕೂದಲು, ಆಮೇಲೆ ಹುಬ್ಬು. ಅಗಾತ್ ಕುರ್ಚಿಯಿಂದ ಎದ್ದು ಹತ್ತಿರ ಬಂದಳು. ಆನ್ಸೆಲ್ಮ್ ಮೂಗಿನ ಮೇಲೆ ಬಟ್ಟೆ ಆಡಿಸಿದ.

ಹಣೆಯಿಂದ ತುದಿಯವರೆಗೆ ಒಂದೇ ಗೆರೆ. ನೇರ.

ಅವನಿಗೆ ಮರೆತೇಹೋಗಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿ ಅವನು ಮನಸ್ಸಿನಲ್ಲಿ ನೋಡುತ್ತ ಬಂದದ್ದು ವಾಲಿದ, ಕುಸಿದ, ಮತ್ತೆ ಎದ್ದ ಆ ಮೂಗನ್ನೇ. ತಾನು ಬರೆದದ್ದೂ ಅದನ್ನೇ ಎಂದು ಯಾವಾಗಲೋ ನಂಬಿಬಿಟ್ಟಿದ್ದ. ಅಷ್ಟು ಜೋಪಾನವಾಗಿ, ವಾರ್ನಿಷ್ ಹಚ್ಚಿ, ನಾಲ್ಕು ತಲೆಗಳ ಕೆಳಗೆ ಅವನು ಕಾಪಾಡಿದ್ದು ತನ್ನ ಗಾರೆಯ ತಲೆಯನ್ನು. ಕಣ್ಣುಗಳೂ ಗಾರೆಯವೇ, ಗುಡ್ಡೆಯಿಲ್ಲದಂತೆ ದೂರ ನೋಡುತ್ತಿದ್ದವು.

ಕೊರ್ನೆಲಿ ಅಮ್ಮನ ಮುಖ ನೋಡಿದಳು. ಅಗಾತ್ ಇವನಲ್ಲ ಎಂದು ನಿಧಾನವಾಗಿ ತಲೆಯಾಡಿಸಿದಳು. ಸಿಟ್ಟೂ ಇರಲಿಲ್ಲ.

ಆನ್ಸೆಲ್ಮ್ ಇದ್ದಿಲು ಹಿಡಿದು ಕಾಗದದ ಮುಂದೆ ಕುಳಿತ. ನೆನಪಿದೆ, ಈಗಲೇ ಬರೆದುಕೊಡುತ್ತೇನೆ ಎಂದ. ಎಡಕ್ಕೆ ವಾಲಿಸಬೇಕೆಂದು ಹೊರಟ ಕೈ ಹಣೆ ದಾಟಿದ್ದೇ ತಡ, ಹಳೆಯ ಕುದುರೆ ಲಾಯದ ದಾರಿ ಹಿಡಿದಂತೆ ನೇರಕ್ಕೆ ಇಳಿಯಿತು. ಇನ್ನೊಂದು ಕಾಗದ ತೆಗೆದ. ಬೇಕೆಂದೇ ಸೊಟ್ಟಗೆ ಎಳೆದ. ಅದು ಸೊಟ್ಟ ಮೂಗಾಯಿತು, ಫಿರ್ಮಿನ್‌ನದಾಗಲಿಲ್ಲ. ಸಾಕು ಮುಸ್ಯೂ ಎಂದು ಅಗಾತ್ ಶಾಲು ಹೊದ್ದುಕೊಂಡಳು.

ಅಷ್ಟರಲ್ಲಿ ಕೊರ್ನೆಲಿ ಕ್ಯಾನ್ವಾಸಿನ ಕೆಳಗೆ ಮೊಣಕಾಲೂರಿ ಕುಳಿತಿದ್ದಳು. ದೊಡ್ಡವರ ದುಃಖ ನೋಡಲಾರದೆ ನೆಲ ನೋಡಲು ಹೋಗಿ, ನೆಲದ ಹತ್ತಿರ ಇದ್ದದ್ದನ್ನು ಕಂಡಿದ್ದಳು.

“ಅಮ್ಮಾ, ಇಲ್ಬಾ. ಈ ಬೆರಳು ನೋಡು.”

ಚಪ್ಪಲಿಯ ಬಾರಿನ ಕೆಳಗೆ ಅಗಲವಾದ, ಗಂಟುಗಂಟಾದ ಪಾದ. ಎರಡನೆಯ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕುಳಿತಿತ್ತು. ಹುಡುಗಿ ಬೂಟು ಕಳಚಿ, ಕಾಲುಚೀಲ ಎಳೆದು, ತನ್ನ ಬರಿಗಾಲನ್ನು ಅದರ ಪಕ್ಕಕ್ಕಿಟ್ಟಳು. ಅವಳ ಎರಡನೆಯ ಬೆರಳೂ ಹೆಬ್ಬೆರಳ ಮೇಲೆ ಹತ್ತಿ ಕುಳಿತಿತ್ತು.

ಅಗಾತ್ ನೆಲದ ಮೇಲೆ ಕುಳಿತು ಆ ಬಣ್ಣದ ಪಾದದ ಮೇಲೆ ಅಂಗೈ ಇಟ್ಟಳು. ಚಳಿಗಾಲದಲ್ಲಿ ಆ ಪಾದವನ್ನು ನನ್ನ ಕಾಲಿಗೆ ತಾಗಿಸಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ, ಮಂಜುಗಡ್ಡೆಯ ಹಾಗೆ ಇರುತ್ತಿತ್ತು ಎಂದು ಮಗಳಿಗೆ ಹೇಳಿದಳು. ಅಪ್ಪನ ಬಗ್ಗೆ ಮೂಗಿನಾಚೆ ಏನನ್ನಾದರೂ ಅವಳು ಮಗಳಿಗೆ ಹೇಳಿದ್ದು ಅದೇ ಮೊದಲು. ಆಮೇಲೆ ತಿರುಗಿ ಆನ್ಸೆಲ್ಮನನ್ನು ನೋಡಿದಳು.

“ಇದನ್ನ ಬರ್ದಿದ್ದು ಯಾರು?”

“ನಾನೇ. ಗಾರೆಯ ಪಾದ ಒಡೆದು ಹೋಗಿತ್ತು.”

“ಎಲ್ಲಾ ಒಡೆದು ಹೋಗಿದ್ರೆ ಎಷ್ಟು ಚೆನ್ನಾಗಿತ್ತು ಕಣೋ.”

ಅವನು ಚಾಕು ತಂದ. ಅಂದು ಬಾರದ ಕೈ ಇಂದು ಬಂತು. ಪಾದದ ಸುತ್ತ ಚೌಕವಾಗಿ ಕತ್ತರಿಸಿ, ಬಣ್ಣ ಒಳಮುಖವಾಗಿ ಮಡಿಸಬೇಡಿ, ಬಿರುಕು ಬಿಡುತ್ತದೆ ಎಂದು ಹೇಳಿ ಕೊರ್ನೆಲಿಯ ಕೈಗಿತ್ತ. ಅವಳು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಇಳಿದಳು. ಅಗಾತ್ ಮೆಟ್ಟಿಲ ತಿರುವಿನಲ್ಲಿ ಸ್ವಲ್ಪ ನಿಂತಳು. ಮದುವೆಗೆ ಕರೆಯುತ್ತಾಳೇನೋ ಎಂದು ಅವನು ಬಾಗಿಲಲ್ಲೇ ಕಾದ. ಅವಳು ಕಂಬಿ ಹಿಡಿದು ಉಸಿರು ತೆಗೆದುಕೊಂಡು ಇಳಿದುಹೋದಳು.

ಸೋಮವಾರ ಚರ್ಚಿನ ಆಳು ಹಗ್ಗ ಹೊತ್ತು ಬಂದ. ಸಂತ ಎಲ್ಲಿ ಎಂದು ಕೇಳಿದ. ಸಂತನ ಜಾಗದಲ್ಲಿ ಒಂದು ಪಾದವಿಲ್ಲದವನೊಬ್ಬ ಕೈಯೆತ್ತಿ ಯಾವುದಕ್ಕೋ ಪ್ರಮಾಣ ಮಾಡುತ್ತಿದ್ದ. ಈ ಮುಖ ಯಾರದು ಎಂದು ಕೇಳಿದ್ದಕ್ಕೆ ಆನ್ಸೆಲ್ಮ್ ಯಾರದೂ ಅಲ್ಲ ಎಂದ. ಆಳು ಹೋದ ಮೇಲೆ ಒಲೆಯ ಪಕ್ಕಕ್ಕೆ ಬಂದು ಕುಳಿತು, ಇದ್ದಿಲು ಎತ್ತಿಕೊಂಡು, ಕಣ್ಣು ಮುಚ್ಚಿ, ಎಡಕ್ಕೆ ವಾಲಿದ ಆ ಗೆರೆಯನ್ನು ಮತ್ತೊಮ್ಮೆ ಹಣೆಯಿಂದ ಶುರುಮಾಡಿದ.