ಹಳೆಯ ಫೋಟೋ ಕೇಳಿದವರು

ಹೋದ ವಾರ ವಾಡಿ ಸ್ಟೇಷನ್ನಿನ ಹೊರಗೆ ಗೋಬಿ ಮಂಚೂರಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ತಿನ್ನಬೇಕೆಂದು ನಿಂತವಳು ಹಾಗೇ ಹೊರಟು ಬಂದುಬಿಟ್ಟೆ. ಫೋಟೋ ಕಾಕಾನ ಅಂಗಿ ಇದೇ ವಾಸನೆ ಹೊಡೆಯುತ್ತಿತ್ತು. ಎಕ್ಸ್‌-ರೇ ಫಿಲ್ಮು ತೊಳೆಯುವ ನೀರಿನ ವಾಸನೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ... ಹನ್ನೆರಡು ವರ್ಷವಾದರೂ ನನ್ನ ಸಿಟ್ಟು ಹೋಗಿಲ್ಲ.

ಶಹಾಬಾದಿನಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ಎಕ್ಸ್‌-ರೇ ತೆಗೆಯುತ್ತಿದ್ದರು. ನಮ್ಮ ಕಡೆ ಅದಕ್ಕೆ ಫೋಟೋ ಅಂತಲೇ ಅನ್ನುವುದು, ಹಾಗಾಗಿ ಅವರು ಇಡೀ ಓಣಿಗೆ ಫೋಟೋ ಕಾಕಾ. ನಮ್ಮ ಅವ್ವನಿಗೆ ಅವರು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಬಾಯಿ ಭಾಳ ಜೋರು. ಮೇಜಿನ ಮೇಲೆ ಮಲಗಿ ಅಲುಗಾಡಿದವರು ಎಷ್ಟೇ ದೊಡ್ಡವರಿರಲಿ, ಬೈಸಿಕೊಂಡೇ ಏಳಬೇಕು. ಆದರೆ ಮೂವತ್ತು ವರ್ಷ ಎಲುಬು ನೋಡಿದ ಕಣ್ಣು ಅವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದೆ.

ಅವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಸೊಲ್ಲಾಪುರದಲ್ಲಿ ಕೀಲು ಬದಲಿಸಿ, ತೊಡೆಯ ಎಲುಬಿನೊಳಗೆ ಉಕ್ಕಿನ ಗೂಟ ಇಳಿಸಿ ಕಳಿಸಿದ್ದರು. ಒಂದು ವರ್ಷ ಚೆನ್ನಾಗಿಯೇ ಓಡಾಡಿದಳು. ಆಮೇಲೆ ಶುರುವಾಯಿತು. "ಕುಂತು ಎದ್ದ ಕೂಡ್ಲೆ ನಾಕು ಹೆಜ್ಜಿ ತೊಡಿ ಹಿಡ್ಕೋತದ, ಆಮ್ಯಾಲ ತಾನೇ ಬಿಡ್ತದ" ಅನ್ನುತ್ತಿದ್ದಳು. ಕಾಕಾ ಕೆಲಸ ಮಾಡುವ ದವಾಖಾನೆಗೇ ಕರೆದುಕೊಂಡು ಹೋದೆ. ಕಾಕಾ ಫೋಟೋ ತೆಗೆದರು. ಡಾಕ್ಟರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ನಾನು ಕುರ್ಚಿಯಲ್ಲಿ ಸರಿಯಾಗಿ ಕೂಡುವ ಮೊದಲೇ "ಎಲ್ಲಾ ಛಲೋ ಅದ, ವಯಸ್ಸಾಗ್ಯದ ಅಷ್ಟೇ" ಎಂದು ಕೆಳಗಿಟ್ಟರು. ಗೂಟ ಎಲುಬಿನೊಳಗೇ ಇತ್ತಲ್ಲ, ಛಲೋ ಇರಲೇಬೇಕು!

ಅವತ್ತು ಸಂಜೆ ಕಾಕಾ ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಚಹಾ ಬೇಡವೆಂದರು.

"ಸೊಲ್ಲಾಪುರದಾಗ ತೆಗದಿದ್ದ ಹಳೀ ಫೋಟೋ ಎಲ್ಲದವ್ವಾ?"

ಅದು ಬಚ್ಚಲ ಕಿಟಕಿಯಲ್ಲಿತ್ತು. ಗಾಜು ಒಡೆದಿದ್ದಕ್ಕೆ ನಾನೇ ಸಣ್ಣ ಮೊಳೆ ಹೊಡೆದು ಕೂಡಿಸಿದ್ದೆ. ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳಿ! ನೀರು ಹತ್ತುವುದಿಲ್ಲ, ಬೆಳಕು ಬಿಡುತ್ತದೆ, ಒಳಗಿನವರು ಕಾಣುವುದಿಲ್ಲ. ಕಾಕಾ ನನ್ನನ್ನು ಬಾಯಿಗೆ ಬಂದಂತೆ ಬೈದು, ಮೊಳೆಗಳನ್ನು ಒಂದೊಂದೇ ಕಿತ್ತು, ಫೋಟೋ ಒರೆಸಿಕೊಂಡು ಬಂದರು. ಹೊಸದನ್ನು ಅದರ ಪಕ್ಕದಲ್ಲಿ ಹಿಡಿದು ಬಾಗಿಲ ಬೆಳಕಿಗೆ ನಿಂತರು.

"ಎಲುಬಿನ ಈ ಗಂಟು ನೋಡು. ಮೊದಲಿನದ್ರಾಗ ಗೂಟದ ತಲಿ ಇದರ ಸಮ ಅದ. ಇದ್ರಾಗ ಜ್ವಾಳದ ಕಾಳಿನಷ್ಟು ಕೆಳಗ ಇಳದದ. ಸುತ್ತ ಈ ಕರೀ ಗೆರಿ ಮೊದಲ ಎಲ್ಲಿತ್ತು? ಒಂದೇ ಫೋಟೋ ನೋಡಿ ಛಲೋ ಅದ ಅನ್ನಾಂವ ಏನೂ ನೋಡಿಲ್ಲಂತ ತಿಳಿ. ಗೂಟ ಸಡ್ಲ ಆಗ್ಯದ. ಇದೇ ವಾರ ವೈನಿಗೆ ಸೊಲ್ಲಾಪುರಕ್ಕ ಒಯ್ಯಿ. ಅಲ್ಲೀತನ ನೆಲದ ಮ್ಯಾಲ ಕುಂದರಬಾರದು."

ಒಳಗೆ ಮಂಚದ ಮೇಲಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮತ್ತೆ ಕೊಯ್ಯುತ್ತಾರೆಂದು ಅತ್ತಳು, ರಾತ್ರಿ ರೊಟ್ಟಿ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕಿತ್ತೋ ಅವರ ಮೇಲಲ್ಲ, ಕಾಕಾನ ಮೇಲೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಮರುದಿನ ಡಾಕ್ಟರ ಮುಂದೆ ಹೋಗಿ ನಿಂತು, ಕಾಕಾ ಮನೆಗೆ ಬಂದು ಅವ್ವನನ್ನು ಹೆದರಿಸಿದರೆಂದು ಹೇಳಿದೆ. ಎರಡೂ ಫೋಟೋ ನನ್ನ ಚೀಲದಲ್ಲೇ ಇದ್ದವು. ಅವರು ಕೇಳಲಿಲ್ಲ, ನಾನು ತೆಗೆಯಲಿಲ್ಲ. "ಫೋಟೋ ತೆಗೆಯಾಂವ ಫೋಟೋ ತೆಗೀಬೇಕ್ರಿ. ಪೇಷಂಟಿಗೆ ಹೆದರಿಸೋದು ಅವನ ಕೆಲಸ ಏನು? ನೀವು ಟೀಚರ್ ಇದ್ದೀರಿ, ಒಂದು ಕಂಪ್ಲೇಂಟ್ ಬರದು ಕೊಡ್ರಿ" ಎಂದರು. ಬರೆದು ಕೊಟ್ಟೆ. ಒಂದು ಕಾಗುಣಿತ ತಪ್ಪಿಲ್ಲದಂತೆ, ಮಕ್ಕಳಿಗೆ ಕಲಿಸುವ ದುಂಡು ಅಕ್ಷರದಲ್ಲಿ, ಪೂರ್ತಿ ಒಂದು ಪುಟ.

ಮೂರನೆಯ ದಿನ ಕಾಕಾನ ಕೆಲಸ ಹೋಯಿತು. ಅವರು ಇನ್ನೊಮ್ಮೆ ನಮ್ಮ ಬಾಗಿಲಿಗೆ ಬಂದರು. ಬೈಯುತ್ತಾರೆಂದು ಸೆಟೆದು ನಿಂತಿದ್ದೆ. "ನನ್ನ ಮ್ಯಾಲಿನ ಸಿಟ್ಟು ಇರ್ಲಿ ಯವ್ವಾ, ವೈನಿಗೆ ಒಯ್ಯಿ" ಅಂದರು, ಅಷ್ಟೇ. ನಾನು ಬಾಗಿಲು ಹಾಕಿಕೊಂಡೆ.

ತಿಂಗಳು ತುಂಬಲಿಲ್ಲ. ಅವ್ವ ನೆಲದ ಮೇಲೆ ಕುಳಿತು ತೊಗರಿ ಹಸನು ಮಾಡಿ, ಗೋಡೆ ಹಿಡಿದು ಎದ್ದಳು. ಗೂಟದ ತುದಿಯ ಹತ್ತಿರ ತೊಡೆಯ ಎಲುಬು ಸೀಳಿತು. ಸೊಲ್ಲಾಪುರದ ಡಾಕ್ಟರು ಮೊದಲು ಕೇಳಿದ್ದೇ ಹಳೆಯ ಫೋಟೋ. ಎಲ್ಲವನ್ನೂ ಸಾಲಾಗಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿ, "ಹೋದ ತಿಂಗಳೇ ಯಾಕೆ ಬರಲಿಲ್ಲ?" ಎಂದರು. ಅವ್ವ ಮತ್ತೆ ನಡೆಯಲಿಲ್ಲ. ನಾಲ್ಕು ವರ್ಷ ಮಂಚದ ಮೇಲೇ ಇದ್ದು ಹೋದಳು. ಛಲೋ ಅದ ಅಂದಿದ್ದ ನಮ್ಮೂರಿನ ಡಾಕ್ಟರು ಈಗ ಎರಡಂತಸ್ತಿನ ದವಾಖಾನೆ ಕಟ್ಟಿಸಿದ್ದಾರೆ. ಅದರ ಮುಂದೆ ಹಾದು ಹೋಗುವಾಗಲೆಲ್ಲ ನನ್ನ ಹಲ್ಲು ತಾನೇ ಕಚ್ಚಿಕೊಳ್ಳುತ್ತದೆ.

ಕಾಕಾ ಊರು ಬಿಟ್ಟು ಚಿಂಚೋಳಿಯಲ್ಲಿದ್ದ ಮಗಳ ಮನೆ ಸೇರಿದ್ದರು. ಕಾಲಿಗೆ ಬೀಳಬೇಕೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ, ಪ್ರತಿ ರಜೆಯಲ್ಲೂ ಮುಖವಿಲ್ಲದೆ ಉಳಿದೆ... ಅವ್ವ ಹೋದ ಮೇಲೆ ಹೊರಟಾಗ ತಡವಾಗಿತ್ತು. ಕಾಕಾ ತೀರಿಕೊಂಡು ಎರಡು ತಿಂಗಳಾಗಿತ್ತು. ಮಗಳು ಕೂರಿಸಿ ಚಹಾ ಕೊಟ್ಟಳು.

"ಯಾರೋ ಅಪ್ಪನ ಮ್ಯಾಲ ಬರದು ಕೊಟ್ಟಿದ್ರಂತ್ರಿ ಅಕ್ಕಾ. ಯಾರಂತ ಕೇಳಿ ಕೇಳಿ ಸಾಕಾಯ್ತು. ಅಷ್ಟು ಬಾಯಿ ಜೋರು ಇದ್ದಾಂವ, ಅದೊಂದು ಹೆಸರು ಮಾತ್ರ ಕಡೀತನ ಹೇಳ್ಲಿಲ್ಲ."

"ಹೌದೇನು?" ಅಂದೆ. ಚಹಾ ಕುಡಿದೆ. ಕಾಳಗಿ ಬಸ್ಸು ಹತ್ತಿ ಬಂದುಬಿಟ್ಟೆ.

ಅವಳು ಈಗಲೂ ಯುಗಾದಿಗೆ, ದೀಪಾವಳಿಗೆ ಫೋನ್ ಮಾಡುತ್ತಾಳೆ. "ಅಪ್ಪನ್ನ ನೆನಸಿ ಹುಡುಕ್ಕೊಂಡು ಬಂದವ್ರು ನೀವೊಬ್ಬರೇ ನೋಡ್ರಿ ಅಕ್ಕಾ" ಅನ್ನುತ್ತಾಳೆ. ಡಾಕ್ಟರ ಮೇಲೆ ಇಷ್ಟು ಹಲ್ಲು ಕಡಿಯುವ ನಾನು ಅವಳಿಗೆ ಇನ್ನೂ ಹೇಳಿಲ್ಲ.