ಎಂಟು ಮಂದಿಗೆ ಒಂದೇ ಎಲೆ

ಆತನ ಬಾಯಲ್ಲಿ ಯಾವಾಗಲೂ ಬೆಸುಗೆ ಹಾಕುವ ಸೋಲ್ಡರ್ ತಂತಿಯ ಒಂದು ತುಂಡು ಇರುತ್ತಿತ್ತು. ಎರಡೂ ಕೈಗೆ ಕೆಲಸವಿದ್ದಾಗ ಹಲ್ಲಲ್ಲಿ ಕಚ್ಚಿಕೊಳ್ಳುವುದು ರೂಢಿಯಾಗಿ, ಕೆಲಸವಿಲ್ಲದಾಗಲೂ ಅದು ಅಲ್ಲೇ ಉಳಿದಿತ್ತು. ಹಾಗಾಗಿ ಬೈಗುಳ ಬಾಯಿಯ ಎಡಗಡೆಯಿಂದ ಮಾತ್ರ ಬರುತ್ತಿತ್ತು. ದೇವರು ಪೂರ್ತಿ ಬಾಯಿ ಬಿಡಿಸದಿದ್ದದ್ದು ರಾಯಚೂರಿನ ಪುಣ್ಯ ಎಂದು ನಾನು ಅಂದುಕೊಂಡದ್ದುಂಟು.

ಊರ ನಡುವಿನ ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಆತನದು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ. ಬಂದ ಗಿರಾಕಿಗೆ ‘ಏನು ಬೇಕು’ ಎಂದು ಕೇಳಿದ್ದನ್ನು ನಾನು ಕಾಣೆ. ‘ಏನ್ ಕೆಡಿಸೀ?’ ಎಂದೇ ಕೇಳುತ್ತಿದ್ದ. ಸಾಮಾನು ಯಾವುದಕ್ಕೆ ಎಂದು ಹೇಳದಿದ್ದರೆ ಕೊಡುತ್ತಿರಲಿಲ್ಲ, ಹೇಳಿದರೆ ಬೈಯುತ್ತಿದ್ದ. ಊರಲ್ಲಿ ಅಂಥ ಸಾಮಾನು ಸಿಗುವ ಜಾಗ ಅದೊಂದೇ, ಬೈಸಿಕೊಳ್ಳದೆ ಗತಿಯಿರಲಿಲ್ಲ.

ಆಗ ನಾನು ಮಾನ್ವಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಬಂದು ವರ್ಷವೂ ಆಗಿರಲಿಲ್ಲ. ದೇವದುರ್ಗದ ಜಾಲಹಳ್ಳಿ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು ನನ್ನ ಅವ್ವ. ನಮ್ಮ ಕೇರಿ ಊರಿನ ಯಾವ ಕಡೆಗಿದೆ ಎಂಬುದು ನಾನು ಹೇಳುವ ಮೊದಲೇ ಸಹೋದ್ಯೋಗಿಗಳಿಗೆ ಗೊತ್ತಾಗಿತ್ತು. ಒಬ್ಬ ಹಿರಿಯ ಮಾಸ್ತರರು ನನ್ನ ಕಿವಿಗೆ ಬೀಳಲೆಂದೇ, “ಮಾರ್ಕ್ಸ್ ಬ್ಯಾರೆ, ಕೈಕೆಲಸ ಬ್ಯಾರೆ. ಎಕ್ಸಿಬಿಷನ್ದಾಗ ನೋಡೂಣು” ಎಂದಿದ್ದರು. ವಿಜ್ಞಾನ ಪ್ರದರ್ಶನದಲ್ಲಿ ನಾನು ಸೋತರೆ ಆ ಮಾತು ಗೆದ್ದಂತೆ. ಅದನ್ನು ಗೆಲ್ಲಿಸಲು ನನಗೆ ಮನಸ್ಸಿರಲಿಲ್ಲ.

ನಾನು ಮಾಡಹೊರಟದ್ದು ಲೇಸರ್ ವೀಣೆ. ಎಂಟು ಪುಟ್ಟ ಲೇಸರ್ ಡಯೋಡುಗಳಿಂದ ಎಂಟು ಕೆಂಪು ಕಿರಣ. ಒಂದನ್ನು ಕೈಯಿಂದ ತಡೆದರೆ ಒಂದು ಸ್ವರ. ಡಯೋಡಿಗೆ ಕರೆಂಟು ಹೆಚ್ಚಾಗದಂತೆ ತಡೆಯಲು ರೆಸಿಸ್ಟರ್ ಬೇಕು. ಎಂಟಕ್ಕೂ ಸೇರಿ ಎಷ್ಟು ಕರೆಂಟು ಎಂದು ಲೆಕ್ಕ ಹಾಕಿ ಒಂದೇ ರೆಸಿಸ್ಟರ್ ಹಚ್ಚಿದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಎರಡು ನಿಮಿಷ ಎಂಟೂ ಉರಿದವು. ಒಂದು ಆರಿತು, ಮತ್ತೊಂದು, ನೋಡುನೋಡುತ್ತಿದ್ದಂತೆ ಎಂಟೂ ಸತ್ತವು. ಹೊಸ ಎಂಟು ತಂದೆ, ಅವೂ ಹಾಗೇ ಹೋದವು. ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಾಗ ಬೋರ್ಡನ್ನೇ ಎತ್ತಿಕೊಂಡು ಬಸ್ಸು ಹತ್ತಿದೆ.

ಆತ ಬೋರ್ಡನ್ನು ತಿರುಗಿಸಿ ನೋಡಿದ.

“ಈ ಎಂಟೂ ಸಮ ಹಂಚ್ಕೋತಾವಂತ ಯಾರ್ ಹೇಳಿದ್ರವ್ವಾ ನಿನಗ?”

“ಎಂಟೂ ಒಂದೇ ಕಂಪನೀವು ರೀ.”

“ಒಬ್ಬ ತಾಯಿ ಮಕ್ಕಳ ಹೊಟ್ಟಿ ಎಲ್ಲಾ ಒಂದೇ ಸಮ ಇರ್ತಾವೇನು? ಹಸದಾಂವ ಜಾಸ್ತಿ ಉಣ್ತಾನ. ಉಂಡಷ್ಟೂ ಬಿಸಿ ಆಗ್ತಾನ, ಬಿಸಿ ಆದಷ್ಟೂ ಮತ್ತ ಉಣ್ತಾನ, ಸಾಯ್ತಾನ. ಅವನ ಪಾಲು ಉಳದವ್ರ ಮ್ಯಾಲ ಬೀಳ್ತದ, ಅವರೂ ಸಾಯ್ತಾರ. ಎಂಟು ಮಂದೀನ ಕೂಡಿಸಿ ಒಂದೇ ಎಲಿ ಹಾಕೀ. ನಿಮಗ ಪಂಕ್ತಿ ಕೂಡಿಸಿ ಗೊತ್ತಿಲ್ಲ.”

ಅಷ್ಟು ಹೊತ್ತು ‘ನಿನಗ’ ಎನ್ನುತ್ತಿದ್ದವನು ಅಲ್ಲಿ ‘ನಿಮಗ’ ಎಂದ, ನನ್ನ ಮಂದಿಯನ್ನೆಲ್ಲ ಸೇರಿಸಿದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಊರ ಮದುವೆಗಳಲ್ಲಿ ಪಂಕ್ತಿಯೆಲ್ಲ ಎದ್ದ ಮೇಲೆ ಹಿತ್ತಲಲ್ಲಿ ನಿಂತು ಉಂಡವನು ನನ್ನ ಅಪ್ಪ. ಇವನಿಗೆ ಯಾರು ಹೇಳಿದರು ನನ್ನ ಕೇರಿ? ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಕಟ್ಟರ್ ತೆಗೆದುಕೊಂಡು ನನ್ನ ಬೋರ್ಡಿನ ತಂತಿಗಳನ್ನೆಲ್ಲ ಕತ್ತರಿಸಿಬಿಟ್ಟ.

“ಯಾಕ ಕತ್ತರಿಸಿದ್ರಿ?”

“ಉಳಸಿದ್ರ ಮತ್ತ ಅದನ್ನ ಹಚ್ತೀ” ಎಂದು ಎಂಟು ಡಯೋಡು, ಎಂಟು ರೆಸಿಸ್ಟರುಗಳನ್ನು ಪೇಪರಿನಲ್ಲಿ ಸುತ್ತಿ ಒಗೆದ.

ವಾಪಸು ಬರುವಾಗ ಬಸ್ಸು ಕಲ್ಲೂರು ದಾಟುವವರೆಗೂ ಮನಸ್ಸಿನಲ್ಲೇ ಆತನಿಗೆ ಶಾಪ ಹಾಕಿದೆ. ಮನೆಗೆ ಬಂದು ಒಂದೊಂದು ಡಯೋಡಿಗೂ ಒಂದೊಂದು ರೆಸಿಸ್ಟರ್ ಹಚ್ಚಿದೆ. ಎಂಟೂ ಉರಿದವು. ಒಂದು ತಾಸಾದರೂ ಒಂದೂ ಆರಲಿಲ್ಲ. ಮನುಷ್ಯ ಕೆಟ್ಟವನಾದರೂ ಮಾತು ಸರಿಯಿತ್ತಲ್ಲ ಎಂಬುದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಪ್ರದರ್ಶನದಲ್ಲಿ ವೀಣೆ ದಿನವಿಡೀ ನುಡಿಯಿತು, ಬಹುಮಾನವೂ ಬಂತು. ಹಿರಿಯ ಮಾಸ್ತರರು ಬಂದು ಎಲ್ಲರೆದುರು ಬೆನ್ನು ತಟ್ಟಿ, “ನಿಮ್ಮ ಮಂದ್ಯಾಗೂ ಇಂಥಾ ತೆಲಿ ಅದಾವಂತ ಗೊತ್ತಿರಲಿಲ್ಲ. ಭಾಳ ಸಂತೋಷ” ಎಂದರು. ನಾನು ನಕ್ಕೆ. ನಕ್ಕದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಿದೆ.

ಅವರಿಗೆ ಆಡಲಾರದ ಮಾತನ್ನೆಲ್ಲ ಅಂಗಡಿಯವನಿಗೆ ಆಡಿ ಬರೋಣವೆಂದು ಮರುದಿನವೇ ವೀಣೆ ಹೊತ್ತುಕೊಂಡು ರಾಯಚೂರಿಗೆ ಹೋದೆ. ಅಲ್ಲಿ ಹಣೆಗೆ ವಿಭೂತಿ ಧರಿಸಿದ ಕಾಲೇಜು ಪ್ರಾಧ್ಯಾಪಕರೊಬ್ಬರು ಕೈಕಟ್ಟಿ ನಿಂತಿದ್ದರು. ಅವರ ಬೋರ್ಡು ಆತನ ಕೈಯಲ್ಲಿ, ಕಟ್ಟರೂ ಕೈಯಲ್ಲಿ.

“ದಿಮಾಗ್ ಎಲ್ಲಿಟ್ಟು ಬಂದೀರಿ? ಹತ್ತು ಮಂದಿಗೆ ಒಂದೇ ಎಲಿ ಹಾಕೀರಿ. ನಿಮಗ ಮಾಸ್ತರ್ ಮಂದಿಗೆ ಪಂಕ್ತಿ ಕೂಡಿಸಿ ಗೊತ್ತೇ ಇಲ್ಲ.”

ತಂತಿಗಳು ಚಟಚಟನೆ ತುಂಡಾದವು. ಪ್ರಾಧ್ಯಾಪಕರ ಮುಖ ನನ್ನ ಮುಖ ಅವತ್ತು ಹೇಗಿತ್ತೋ ಹಾಗೇ ಆಯಿತು. ಅವತ್ತಿನ ‘ನಿಮಗ’ ನನ್ನ ಕೇರಿಗೆ ಅಂದದ್ದಲ್ಲ, ಮಾಸ್ತರ್ ಮಂದಿಗೆ; ನಾನು ತಂದಿದ್ದ ಜಗಳವನ್ನು ಅಲ್ಲೇ ಬಿಟ್ಟೆ. ಆತ ನನ್ನ ವೀಣೆಯನ್ನು ಎಳೆದುಕೊಂಡು ಮೀಟರ್ ಹಚ್ಚಿ ಒಂದೊಂದೇ ಡಯೋಡಿನ ಕರೆಂಟು ನೋಡಿದ. ಬಹುಮಾನ ಬಂದದ್ದನ್ನು ಹೇಳಿದೆ, ಕೇಳಿಸಿಕೊಳ್ಳಲಿಲ್ಲ.

“ಎಂಟನೇದು ಕಡಿಮಿ ಎಳ್ಯಾಕತ್ತದ. ಬೆಸಿಗಿ ಹಸಿ ಅದ. ಕೂತು ಸರಿ ಮಾಡು.”

ಅಲ್ಲೇ ಸ್ಟೂಲಿನ ಮೇಲೆ ಕೂತು ಮೂರು ಸಲ ಬೆಸೆದೆ. ಎರಡು ಸಲ ಬಿಚ್ಚಿಸಿದ. ಮೂರನೆಯದಕ್ಕೆ ಮೀಟರ್ ಹಚ್ಚಿ ನೋಡಿ, ವೀಣೆಯನ್ನು ನನ್ನ ಕಡೆ ಸರಿಸಿ, ಮುಂದಿನ ಗಿರಾಕಿಯನ್ನು ಬೈಯತೊಡಗಿದ.

ಕಳೆದ ವರ್ಷ ಆತ ತೀರಿಕೊಂಡ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯ ಮನುಷ್ಯ ಎನ್ನಬೇಕಾಗುತ್ತಿತ್ತು; ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ನನ್ನ ಬೋರ್ಡು ಕತ್ತರಿಸಿದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಹೊಗಳಿದವರೆಲ್ಲ ನನ್ನ ಕೇರಿಯನ್ನು ನೆನೆದುಕೊಂಡೇ ಹೊಗಳಿದರು. ಬರೀ ನನ್ನ ಕೆಲಸ ನೋಡಿ ಬೈದವನು ಆತನೊಬ್ಬನೇ. ಅಂಥವನ ಮೇಲೆಯೇ ನಾನು ಕೇರಿ ನೋಡಿ ಆಡಿದ ತಪ್ಪು ಹೊರಿಸಿದ್ದೆ. ಅದು ಆತನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.